ಅಳೆಯದ ರಾಶಿಯ ಗುಡ್ಡ

ಗದಗಿನಿಂದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ, ಕಪ್ಪು ನೆಲ ಮುಗಿದು ಕೆಂಪು ನೆಲ ಶುರುವಾಗುವ ಕಡೆ, ಎಡಕ್ಕೆ ಒಂದು ಉದ್ದನೆಯ ಗುಡ್ಡದ ಸಾಲು ಕಾಣುತ್ತದೆ. ಸಾಲಿನ ನೆತ್ತಿಯುದ್ದಕ್ಕೂ ಬಿಳಿಯ ಗಾಳಿಯಂತ್ರಗಳು ನಿಂತಿವೆ. ಹಿರೇಮುತ್ತಲ ಎಂಬ ಊರಿನ ಎದುರಿಗೆ ಬಂದಾಗ ಮಾತ್ರ ಆ ಸಾಲು ಹಲ್ಲು ಬಿದ್ದ ಬಾಯಿಯ ಹಾಗೆ ನಡುವೆ ಖಾಲಿಯಾಗುತ್ತದೆ. ಎಲ್ಲಕ್ಕಿಂತ ಎತ್ತರದ ನೆತ್ತಿಯಲ್ಲೇ ಯಂತ್ರವಿಲ್ಲ. ಹೊಸಬರು ಅದನ್ನು ನೋಡಿ, ಲೆಕ್ಕ ತಪ್ಪಿ ಬಿಟ್ಟಿರಬೇಕು ಎಂದುಕೊಳ್ಳುತ್ತಾರೆ. ಊರವರು ಅದನ್ನು ಅಳೆಯದ ರಾಶಿಯ ಗುಡ್ಡ ಎಂದು ಕರೆಯುತ್ತಾರೆ. ಈ ಹೆಸರು ತೀರ ಹಳೆಯದೇನಲ್ಲ, ಇಂದಿನ ಮುದುಕರ ಕಣ್ಣೆದುರೇ ಹುಟ್ಟಿದ್ದು. ಆದರೂ ಕೇಳಿದವರಿಗೆ ಅವರು ರಾಜರ ಕಾಲದ ಸುದ್ದಿಯಂತೆ, ಹಿಂದೆ ಒಮ್ಮೆ ಎಂದೇ ಹೇಳಲು ಕೂರುತ್ತಾರೆ.

ಹಿಂದೆ ಒಮ್ಮೆ ಆ ನೆತ್ತಿಗೆ ಬಯಲಗುಡ್ಡ ಎಂದಷ್ಟೇ ಹೆಸರಿತ್ತು. ಅಲ್ಲಿ ಊರಿಗೆಲ್ಲ ಸೇರಿದ ಒಂದು ಕಣವಿತ್ತು. ಸ್ವಂತ ಕಣವಿಲ್ಲದವರು ಮಾಘಮಾಸದಲ್ಲಿ ತಮ್ಮ ಜೋಳದ ತೆನೆಯನ್ನು ಅಲ್ಲಿಗೇ ಹೊತ್ತು ತರುತ್ತಿದ್ದರು. ಆ ದಿನಗಳಲ್ಲಿ ಕೆಳಗಿನ ಹೊಲಗಳಲ್ಲಿ ಎಲೆಯೂ ಅಲುಗುವುದಿಲ್ಲ. ನೆತ್ತಿಯ ಮೇಲೆ ಮಾತ್ರ ಹೊಟ್ಟು ಹಾರುವಷ್ಟು ಗಾಳಿ ಸುಳಿಯುತ್ತದೆ. ತೂರಿದ ಕಾಳನ್ನು ರಾಶಿ ಮಾಡಿ, ಸುತ್ತ ಬೂದಿಯ ಗೆರೆ ಎಳೆದು, ಪಾಲಿನವರೆಲ್ಲ ಬಂದು ನಿಂತ ಮೇಲೆಯೇ ಅಳೆಯುವುದು ಪದ್ಧತಿ. ಅಳೆಯುವಾಗ ಮೊದಲ ಮೊರ ಕಾಳು ಗಾಳಿಯ ಪಾಲು. ಗೆರೆಯೊಳಗೆ ರಾಶಿ ಇರುವತನಕ ಕಣದಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ನೆಲಕ್ಕೆ ಗುದ್ದಲಿ ಹಾಕುವಂತಿಲ್ಲ.

ಆ ಕಣವನ್ನೇ ನೆಚ್ಚಿಕೊಂಡವಳು ಫಕೀರವ್ವ. ಗಂಡ ತೀರಿದ ಮೇಲೆ ಗುಡ್ಡದ ಬುಡದ ಎರಡೆಕರೆಯನ್ನು ಒಬ್ಬಳೇ ಮಾಡಿಕೊಂಡಿದ್ದಳು. ಎತ್ತು ಇರಲಿಲ್ಲ, ಕಣವೂ ಇರಲಿಲ್ಲ. ಬಯಲಗುಡ್ಡದಲ್ಲಿ ತನ್ನ ಕಾಳನ್ನು ತಾನೇ ಬಡಿದು, ತಾನೇ ತೂರಿ, ಯಾರ ಅಂಗಳದಲ್ಲೂ ಕೈಯೊಡ್ಡದೆ ಮನೆಗೆ ತರುತ್ತಿದ್ದಳು. ಆ ಕಣ ಹೋದರೆ ಇನ್ನೊಬ್ಬರ ಕಣ ಬಿಡುವಾಗುವ ತನಕ ಅವರ ಬಾಗಿಲಲ್ಲಿ ಕಾಯಬೇಕು, ಕಾದದ್ದಕ್ಕೆ ಪಾಲನ್ನೂ ಕೊಡಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಒಂದು ವರ್ಷ ಕಾರ್ತಿಕದಲ್ಲಿ ಗಾಳಿಯಂತ್ರದ ಕಂಪನಿಯವರು ಬಂದರು. ಅವರ ಪರವಾಗಿ ಮಾತಾಡಿದವನು ಗುತ್ತಿಗೆದಾರ ರುದ್ರಗೌಡ. ಊರ ಹಿರಿಯ ಅಂದಾನಪ್ಪ, ಫಕೀರವ್ವನ ಗಂಡನ ಅಣ್ಣ, ಜನರನ್ನು ಕೂಡಿಸಿ, ಬಯಲಗುಡ್ಡದಲ್ಲಿ ಯಂತ್ರ ನಿಲ್ಲಿಸಬಹುದೇ ಎಂದು ಕೇಳಿದ. ಊರವರು ಕುಣಿದಾಡಿ ಒಪ್ಪಿದರು ಎನ್ನುತ್ತಾರೆ. ಅದಕ್ಕೆ ಕಾರಣವನ್ನು ಇಂದಿಗೂ ನಗುತ್ತ ಹೇಳುತ್ತಾರೆ. ಅವರು ಕಂಡಿದ್ದ ಫ್ಯಾನು ಒಂದೇ, ಸೊಸೈಟಿಯ ಮಾಡಿನಲ್ಲಿ ತಿರುಗುತ್ತಿದ್ದದ್ದು. ಅಷ್ಟು ಸಣ್ಣದೇ ಕಾಗದ ಹಾರಿಸುವಾಗ ಗುಡ್ಡದಷ್ಟು ದೊಡ್ಡದು ಎಷ್ಟು ಗಾಳಿ ಬೀಸೀತು, ಇನ್ನು ಮೇಲೆ ಬೇಕೆಂದಾಗ ತೂರಬಹುದು ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಫಕೀರವ್ವನೂ ಹಾಕಿದ್ದಳು. ಅಂದಾನಪ್ಪ ಮಾತು ಕೊಟ್ಟ: “ಸುಗ್ಗಿ ಮುಗೀಲಿ. ನಮ್ಮ ರಾಶಿ ಅಳೆದು ಕಣ ಬಿಟ್ಟ ಮ್ಯಾಲ ನಿಮ್ಮ ಕೆಲಸ ಹಿಡೀರಿ.” ರುದ್ರಗೌಡನೂ ರೈತರ ಮನೆಯವನೇ, ತಲೆಯಾಡಿಸಿದ.

ಮಾಘದ ಹೊತ್ತಿಗೆ ಪಕ್ಕದ ಗುಡ್ಡದಲ್ಲಿ ಯಂತ್ರ ನಿಂತಿತು. ಫಕೀರವ್ವ ಮೊರದಲ್ಲಿ ಒಂದಿಷ್ಟು ಹೊಟ್ಟುಕಾಳು ಹಾಕಿಕೊಂಡು ನೋಡಲು ನಡೆದಳು. ಅದರ ಬುಡದಲ್ಲಿ ನಿಂತು ಮೊರ ಎತ್ತಿದಳು. ಹೊಟ್ಟೂ ಕಾಳೂ ಒಟ್ಟಿಗೇ ಅವಳ ಪಾದದ ಮೇಲೆ ಬಿದ್ದವು. ಮೇಲೆ ರೆಕ್ಕೆಗಳು ಅಲುಗದೆ ನಿಂತಿದ್ದವು. “ಯಾಕಪಾ, ತಿರುಗವಲ್ದು?” ಎಂದು ಕಾವಲುಗಾರನನ್ನು ಕೇಳಿದಳು. “ಗಾಳಿ ಬರಬೇಕಲ್ಲಬೇ,” ಎಂದ ಅವನು. ಅವಳು ಬಿದ್ದ ಕಾಳನ್ನು ಒಂದೊಂದೇ ಆರಿಸಿಕೊಂಡು ತಿರುಗಿ ಬಂದಳಂತೆ.

ಸುದ್ದಿ ಊರಿಗೆಲ್ಲ ಹಬ್ಬಿತು. ಕಣವನ್ನೇ ಅಗೆದು ಬುನಾದಿ ಹಾಕುತ್ತಾರೆ ಎಂಬುದೂ ಆಗಲೇ ತಿಳಿಯಿತು. ಎಲ್ಲರೂ ಅಂದಾನಪ್ಪನ ಕಟ್ಟೆಗೆ ಬಂದು ಬೇಡವೆಂದರು. ಅವನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. “ಹೂಂ ಅಂದವರೂ ನೀವ, ಉಹೂಂ ಅನ್ನಾವರೂ ನೀವ. ಕೊಟ್ಟ ಮಾತು ನುಂಗಾಕ ನನ್ನ ಕೈಲೆ ಆಗೂದಿಲ್ಲ,” ಎಂದ. ಫಕೀರವ್ವ ಸೆರಗು ಸರಿಮಾಡಿಕೊಂಡು ಕಂಬದ ಮರೆಯಿಂದ ಹೇಳಿದಳು: “ಮಾತು ನುಂಗಬ್ಯಾಡ್ರಿ ಬಾವಾರ. ರಾಶಿ ಅಳೆದ ಮ್ಯಾಲ ಅಂತ ಹೇಳೀರಿ. ನನ್ನ ರಾಶಿ ನಾ ಅಳಿಯೂದಿಲ್ಲ.”

ಹಾಗೆ ಹೇಳುವುದು ಸುಲಭವಾಗಿರಲಿಲ್ಲ. ಕಣದಲ್ಲಿದ್ದದ್ದು ಅವಳ ಇಡೀ ವರ್ಷದ ಜೋಳ. ಅಳೆಯದ ರಾಶಿಯಿಂದ ಒಂದು ಹಿಡಿಯನ್ನೂ ಮನೆಗೆ ಒಯ್ಯುವಂತಿಲ್ಲ. ಅವಳು ಬೂದಿಯ ಗೆರೆ ಎಳೆದು ಪಕ್ಕದಲ್ಲಿ ಕುಳಿತಳು. ಯಾರಿಗೂ ಕೈಯೊಡ್ಡಬಾರದೆಂದು ಬಾಳಿದವಳು ಅಂದಿನಿಂದ ಊರವರು ತಂದ ರೊಟ್ಟಿ ಉಂಡಳು.

ನೆತ್ತಿಯ ಮೇಲೂ ಗಾಳಿ ಸುಳಿಯದ ಒಂದು ದಿನ ರುದ್ರಗೌಡ ಬುಲ್ಡೋಜರ್ ತಂದ. ಚಾಲಕ ಮಾಬುಸಾಬ ಗೆರೆಯನ್ನು ಕಂಡವನೇ ಯಂತ್ರ ನಿಲ್ಲಿಸಿ, ಇಳಿದು ಚಪ್ಪಲಿ ಬಿಟ್ಟ. “ರಾಶಿ ಐತ್ರಿ ಗೌಡ್ರ. ನಾನೂ ಅನ್ನ ಉಣ್ಣಾಂವ,” ಎಂದ.

“ಅಳೆದು ಒಯ್ಯಬೇ ಯವ್ವಾ, ಚೀಲ ನಾ ತರಸ್ತೀನಿ,” ಎಂದ ರುದ್ರಗೌಡ.

“ಪಾಲಿನವರು ಎಲ್ಲಾರೂ ಬಂದಿಲ್ಲಪಾ.”

“ಇನ್ಯಾರು ಬರಬೇಕು?”

“ಗಾಳಿ. ಮೊದಲನೇ ಮೊರ ಅದರದು. ನಿಮ್ಮ ಫ್ಯಾನಿಗೆ ಹೇಳು, ಕರ್ಕೊಂಡ ಬರಲಿ.”

ಸುತ್ತ ನಿಂತವರು ನಕ್ಕರು. ರುದ್ರಗೌಡನಿಗೂ ನಗು ಬಂತು, ಆದರೆ ಅವನು ಸುಮ್ಮನೆ ಬಿಡುವವನಲ್ಲ. ಆಷಾಢದಲ್ಲಿ ಮತ್ತೆ ಬಂದ. ಗುಡ್ಡದ ಮೇಲೆ ನಿಂತವರ ಧೋತರ ಕಿತ್ತುಹೋಗುವಂಥ ಗಾಳಿ. ರಾಶಿಯ ಮೇಲೆ ಒಣಗಿದ ಜೋಳದ ದಂಟಿನ ಕಣಿಕೆ ಹೊದಿಸಿ ಕಲ್ಲು ಹೇರಿದ್ದರು. ಮಳೆಗೆ ಬುಡದ ಕಾಳು ಮೊಳೆತು ಮುಗ್ಗಲು ವಾಸನೆ ಬರುತ್ತಿತ್ತು. ಫಕೀರವ್ವ ಸೊರಗಿದ್ದಳು.

“ಬಂತಲ್ಲಬೇ ನಿನ್ನ ಪಾಲುದಾರ! ಈಗರ ಅಳಿ,” ಎಂದು ರುದ್ರಗೌಡ ಕೂಗಿದ.

“ಬಂದೈತಿ, ಖರೆ. ನಿಂದ್ರವಲ್ದು ನೋಡು. ಅಳಿಯೂ ತನಕ ಹಿಡದು ಕುಂದ್ರಸು, ಈಗ ಅಳೀತೀನಿ.”

ರುದ್ರಗೌಡ ಅಂದಾನಪ್ಪನ ಕಡೆ ತಿರುಗಿ, “ಹಿರ್ಯಾರ, ನೀವು ಮಾತು ಕೊಟ್ಟಿದ್ರಿ,” ಎಂದ. ಅಂದಾನಪ್ಪ ಮನೆಗೆ ಹೋಗಿ, ಕಾಳು ಕೂಡಿಡುವ ತನ್ನ ಹಗೇವಿನಿಂದ ಒಂದು ಬುಟ್ಟಿ ಒಣ ಜೋಳ ಹೊತ್ತು ತಂದು, ಕಣದ ಹೊರಗೆ ಚಪ್ಪಲಿ ಬಿಟ್ಟು, ಮುಗ್ಗಿದ ರಾಶಿಯ ಮೇಲೆ ಸುರಿದ. “ಕೊಟ್ಟ ಮಾತು ಹಂಗ ಐತಿ ಗೌಡಾ. ಈಗ ನಾನೂ ಪಾಲಿನಾಂವ. ರಾಶಿ ಅಳೀಲಿ, ನಾನ ಬಂದು ಕರೀತೀನಿ,” ಎಂದ. ಸಂಜೆಯೊಳಗೆ ಮನೆಮನೆಯಿಂದ ಬುಟ್ಟಿ ಬಂದವು. ಕಂಪನಿಯವರು ಮತ್ತೊಂದು ಬೇಸಿಗೆ ಕಾದು, ಇಲ್ಲಿಗೆಂದಿದ್ದ ಯಂತ್ರವನ್ನು ಆಚೆಯ ಗುಡ್ಡಕ್ಕೆ ಒಯ್ದರು. ಕೋರ್ಟಿನ ಖರ್ಚಿಗೆ ಅಂಜಿ ಬಿಟ್ಟರು ಎನ್ನುವವರೂ ಇದ್ದಾರೆ. ಫಕೀರವ್ವನ ಮೊದಲ ವರ್ಷದ ಜೋಳವೆಲ್ಲ ಮಣ್ಣಾಯಿತು. ಅದರ ನಂತರದ ಸುಗ್ಗಿಯಲ್ಲಿ ಅವಳು ಅದೇ ಕಣದ ಇನ್ನೊಂದು ಮಗ್ಗುಲಲ್ಲಿ ತೂರಿ, ಆ ರಾಶಿಯನ್ನು ಮಾತ್ರ ಅಳೆದು ಮನೆಗೆ ಒಯ್ದಳು.

ಈಗ ಗುಡ್ಡ ಹತ್ತಿದವರಿಗೆ ಎರಡೂ ಕಡೆ ಯಂತ್ರಗಳ ಸದ್ದು ಕೇಳುತ್ತದೆ. ನಡುವಿನ ಕಣದಲ್ಲಿ ಮೊಣಕಾಲೆತ್ತರದ ಒಂದು ರಾಶಿ, ಸುತ್ತ ಬೂದಿಯ ಗೆರೆ. ಹಕ್ಕಿಗಳು ತಿನ್ನುತ್ತವೆ, ಊರವರು ಮತ್ತೆ ಹಾಕುತ್ತಾರೆ. ದೂರದ ಸೀಮೆಗಳಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದಾಗ ತಾವಿರುವ ಕಡೆಯ ಕಾಳನ್ನು ಸೆರಗಿನಲ್ಲಿ ಕಟ್ಟಿ ತರುವುದರಿಂದ, ಜೋಳದ ನಡುವೆ ರಾಗಿಯೂ ಕುಚ್ಚಲಕ್ಕಿಯೂ ಕಾಣಸಿಗುತ್ತವೆ. ಅಂದಾನಪ್ಪನೂ ಫಕೀರವ್ವನೂ ಈಗಿಲ್ಲ. ಅವನು ಕೊಟ್ಟ ಮಾತನ್ನು ಊರು ಇಂದಿಗೂ ಅಲ್ಲಗಳೆಯುವುದಿಲ್ಲ. ಆ ವರ್ಷದ ಸುಗ್ಗಿ ಇನ್ನೂ ಮುಗಿದಿಲ್ಲ ಎನ್ನುತ್ತಾರೆ, ಅಷ್ಟೆ.