ಹುಳಿನೀರಿಗೆ ಅದ್ದಿದ ಕೋವಿ

"ಗುರುಗಳೇ, ಜಪ ಶುರುಮಾಡಿದ ಹೊಸದರಲ್ಲಿ ನನ್ನ ಕೋಪ ಇಳಿದದ್ದು ನನಗೇ ಕಾಣುತ್ತಿತ್ತು. ಈಗ ಏನೂ ಕಾಣುವುದಿಲ್ಲ. ಗಳಿಸಿದ್ದು ಒಳಗೆ ಉಳಿದಿದೆಯೋ, ಹೋಗಿಬಿಟ್ಟಿತೋ?"

ಜಪದ ನಡುವೆ ಎದ್ದು ಬಂದ ಅಡವಯ್ಯನ ಕೈಯಲ್ಲಿ ಮಾಲೆ ಇನ್ನೂ ಹಾಗೇ ಇತ್ತು. ಗುರುಗಳು ಹಣೆ ಚಚ್ಚಿಕೊಂಡರು. ಶಿಷ್ಯ ನಿನ್ನೆಯೂ ಇದನ್ನೇ ಕೇಳಿದ್ದ, ಮೊನ್ನೆಯೂ ಕೇಳಿದ್ದ. ಉಳಿದಿದೆ ಎಂದು ಹೇಳಿ ಹೇಳಿ ಅವರಿಗೆ ಸಾಕಾಗಿ ಹೋಗಿತ್ತು.

"ಕೂತುಕೋ. ಇವತ್ತು ಉತ್ತರ ಕೊಡುವುದಿಲ್ಲ, ಕತೆ ಹೇಳುತ್ತೇನೆ" ಎಂದರು.

ತುರ್ಕಿ ದೇಶದಲ್ಲಿ ಒಬ್ಬ ಕಮ್ಮಾರನಿದ್ದ. ಕೋವಿಯ ನಳಿಗೆ ಮಾಡುವುದು ಅವನ ಕಸುಬು. ಕಬ್ಬಿಣದ ಪಟ್ಟಿಯನ್ನೂ ಉಕ್ಕಿನ ಪಟ್ಟಿಯನ್ನೂ ಒಂದರ ಮೇಲೊಂದಿಟ್ಟು, ಕಾಯಿಸಿ ಬಡಿದು ಒಂದು ಮಾಡುತ್ತಿದ್ದ. ಅದನ್ನು ಹಗ್ಗದ ಹಾಗೆ ಹೊಸೆದು, ಒಂದು ಸಲಾಕೆಗೆ ಸುತ್ತಿ, ಸಂದು ಉಳಿಯದಂತೆ ಬೆಸೆಯುತ್ತಿದ್ದ. ಸಲಾಕೆ ಎಳೆದರೆ ನಳಿಗೆ ಸಿದ್ಧ. ಆದರೆ ನೋಡುವುದಕ್ಕೆ ಬರಿಯ ಕಪ್ಪು ಕೊಳವೆ. ಅರ ಹಾಕಿ ನಯಮಾಡಿ, ಕೊನೆಗೆ ಒಂದು ಸಲ ಹುಳಿನೀರಿಗೆ ಅದ್ದುತ್ತಿದ್ದ. ಆ ನೀರು ಮೆದು ಕಬ್ಬಿಣವನ್ನು ಹೆಚ್ಚು ತಿನ್ನುತ್ತದೆ, ಉಕ್ಕನ್ನು ಕಡಿಮೆ ತಿನ್ನುತ್ತದೆ. ಆಗ ನಳಿಗೆಯ ಮೈತುಂಬ ಸುಳಿಸುಳಿಯಾದ ಗೆರೆಗಳು ಏಳುತ್ತವೆ.

ಕಣಿವೆ ಕಾಯುವವನೊಬ್ಬ ಅಂಥ ಕೋವಿಯನ್ನು ಕೊಂಡ. ಕಣಿವೆಯಲ್ಲಿ ಕಳ್ಳರ ಕಾಟ. ಅವನ ಪ್ರಾಣ, ಅವನನ್ನು ನಂಬಿದ ದಾರಿಹೋಕರ ಪ್ರಾಣ, ಎರಡೂ ಆ ನಳಿಗೆಯ ಮೇಲೆ ನಿಂತಿದ್ದವು. ದಿನ ಕಳೆದಂತೆ ಹೊಗೆಗೂ ಕೈಬೆವರಿಗೂ ಗೆರೆಗಳು ಮಸುಕಾದವು. ಗೆರೆ ಹೋದರೆ ಬಲವೂ ಹೋಯಿತು ಎಂದು ಅವನು ಹೆದರಿದ. ಕಮ್ಮಾರನ ಬಳಿಗೆ ಓಡಿದ.

"ಅದು ಮೇಲೆ ಬರೆದ ಗೆರೆಯಲ್ಲಪ್ಪ, ಹೊರಗಿನಿಂದ ಒಳಗಿನ ತನಕ ಇದೆ. ಎಣ್ಣೆ ಸವರಿ ಸುಮ್ಮನೆ ಇಟ್ಟುಕೋ" ಎಂದ ಕಮ್ಮಾರ.

"ಕಣ್ಣಿಗೆ ಕಾಣದಿದ್ದರೆ ಹೇಗೆ ನಂಬಲಿ?"

ಪೀಡೆ ತೊಲಗಲಿ ಎಂದು ಕಮ್ಮಾರ ನಳಿಗೆಯನ್ನು ಮತ್ತೊಮ್ಮೆ ಅದ್ದಿಕೊಟ್ಟ. ಗೆರೆ ಎದ್ದಿತು. ಕಾವಲಿನವನು ಹಿಗ್ಗಿಕೊಂಡು ಹೋದ, ಸ್ವಲ್ಪ ದಿನಕ್ಕೇ ಅದೇ ಮುಖ ಹೊತ್ತು ತಿರುಗಿ ಬಂದ. ಕಮ್ಮಾರ ರೇಗಿದ. ಆ ನೀರು ಗೆರೆ ತೋರಿಸುವುದೇ ಕಬ್ಬಿಣವನ್ನು ತಿಂದು ಎಂದು ಬೈದು ಕಳಿಸಿದ. ಬೈಸಿಕೊಂಡವನು ಮನೆಯಲ್ಲೇ ಹುಳಿನೀರು ಮಾಡಿಟ್ಟುಕೊಂಡ. ಅನುಮಾನ ಬಂದಾಗಲೆಲ್ಲ ಅದ್ದಿದ. ಗೆರೆಗಳು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಎದ್ದವು. ದಾರಿಹೋಕರನ್ನು ನಿಲ್ಲಿಸಿ ತೋರಿಸಿದ.

ಕಡೆಗೆ ಕಳ್ಳರು ಬಂದರು. ಅವನು ಎಂದಿನಷ್ಟೇ ಮದ್ದು ತುಂಬಿ ಗುಂಡು ಹಾರಿಸಿದ. ನಳಿಗೆ ಸಿಡಿದು ಎಡಗೈ ಹೋಯಿತು. ಕಳ್ಳರು ದಾರಿಹೋಕರನ್ನು ಅವನ ಕಣ್ಣೆದುರಿಗೇ ಬಡಿದು ಸುಲಿದರು.

ಗಾಯ ಮಾಯ್ದ ಮೇಲೆ ಅವನು ನಳಿಗೆಯ ಚೂರು ಹಿಡಿದು ಕಮ್ಮಾರನ ಮನೆಗೆ ಬಂದ. ನಿನ್ನ ಬೆಸುಗೆ ಬಿಟ್ಟಿತು ಎಂದು ಕೂಗಾಡಿದ. ಕಮ್ಮಾರ ಚೂರನ್ನು ತಿರುಗಿಸಿ ನೋಡಿದ. ಬೆಸುಗೆ ಎಲ್ಲಿಯೂ ಬಿಟ್ಟಿರಲಿಲ್ಲ. ಆದರೆ ಚೂರು ಜೋಳದ ರೊಟ್ಟಿಯಷ್ಟು ತೆಳ್ಳಗಾಗಿತ್ತು. ಅವನು ಅದರ ಒಳಮೈಯನ್ನು ಉಜ್ಜಿ ಹುಳಿನೀರಿಗೆ ಅದ್ದಿದ. ಅಲ್ಲಿಯೂ ಅದೇ ಸುಳಿ, ಅದೇ ಗೆರೆ. ಚೂರನ್ನು ಒರೆಸಿ ಕಾವಲಿನವನ ಉಳಿದ ಕೈಗೆ ಕೊಟ್ಟ.

ಗುರುಗಳು ಇಷ್ಟು ಹೇಳಿ ಶಿಷ್ಯನ ಕೈಯಲ್ಲಿದ್ದ ಮಾಲೆಯನ್ನು ನೋಡಿದರು.

"ಇವತ್ತೂ ಜಪವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದೀಯಲ್ಲ ಅಡವಯ್ಯ, ನಿನ್ನ ನಳಿಗೆ ಇನ್ನೆಷ್ಟು ದಪ್ಪ ಉಳಿದಿದೆ?"