ಹುಲಿಗೆಮ್ಮನ ಹರಿಗೋಲಿಗೊಂದು ಪರದೆ

ಹೊಳೆ ದಂಡೆಗೆ ಒಂದು ಆಶ್ರಮ. ಅಲ್ಲಿ ಒಬ್ಬ ಅಜ್ಜಾರು. ಅವರ ಶಿಷ್ಯ ಕೊಟ್ರೇಶ. ಕಂಪ್ಯೂಟರ್ ಬಲ್ಲವನು.

ಅಂದು ಬೆಳಿಗ್ಗೆ ಅವನು ಗುರುಗಳ ಕೋಣೆಗೆ ಓಡಿ ಬಂದ. ಚಪ್ಪಲಿ ಬಿಡುವುದನ್ನೂ ಮರೆತಿದ್ದ.

"ಅಜ್ಜಾರೆ, ಆತು. ಬರ್ರಿ, ನೋಡ್ರಿ."

"ಚಪ್ಪಲಿ ಬಿಟ್ಟು ಬಾ. ಹೊಳಿ ಎಲ್ಲೂ ಹೋಗಂಗಿಲ್ಲ."

"ಹೊಳಿ ಇವತ್ತ ಬರ್ತೈತ್ರಿ."

ಅದು ನಿಜ. ಮೇಲೆ ಅಣೆಕಟ್ಟು ತುಂಬಿತ್ತು. ಅಂದು ಬಾಗಿಲು ತೆಗೆಯುವವರಿದ್ದರು. ಎಷ್ಟು ಗಂಟೆಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ತೆಗೆದ ಅರ್ಧ ಗಂಟೆಗೆ ನೀರು ಇಲ್ಲಿ.

ಹೋದ ವರ್ಷ ಹೀಗೆಯೇ ಬಂದಿತ್ತು. ನಡುಹೊಳೆಯಲ್ಲಿದ್ದ ಒಂದು ಹರಿಗೋಲು ಹೋಯಿತು. ಅದರಲ್ಲಿ ಹುಲಿಗೆಮ್ಮನ ತಂಗಿ ಇದ್ದಳು. ಹುಲಿಗೆಮ್ಮ ಇನ್ನೂ ಹರಿಗೋಲು ಹಾಕುತ್ತಾಳೆ. ಬೇರೆ ಕೆಲಸ ಗೊತ್ತಿಲ್ಲ.

ಅಂದಿನಿಂದ ಕೊಟ್ರೇಶ ಒಂದು ಆಪ್ ಕಟ್ಟುತ್ತಿದ್ದ. ಅಣೆಕಟ್ಟಿನ ಸುದ್ದಿ ಬಂದ ಕೂಡಲೆ ಅದು ಎಲ್ಲ ಪರದೆಗಳ ಮೇಲೂ ಮೂಡಬೇಕು. ಆಶ್ರಮದ ದೊಡ್ಡ ಪರದೆ, ದಂಡೆಯ ದೀಪದ ಬೋರ್ಡು, ಹರಿಗೋಲಿನವರ ಫೋನು.

ಅಜ್ಜಾರು ದೊಡ್ಡ ಪರದೆಯ ಮುಂದೆ ಕೂತರು. ಕೊಟ್ರೇಶ ಕಿಟಕಿ ಮುಚ್ಚಿದ್ದ. ಕತ್ತಲೆಯಲ್ಲಿ ನೀಲಿ ಹೊಳೆ ಹರಿಯುತ್ತಿತ್ತು. ಮೂಲೆಯಲ್ಲಿ ಒಂದು ದುಂಡು. ದಾಟಬಹುದಾದರೆ ಹಸಿರು, ದಾಟಬಾರದಾದರೆ ಕೆಂಪು. ಕೆಳಗೆ ಕೂದಲಿನಂಥ ಅಕ್ಷರಗಳು.

"ಚಂದ ಐತಿ," ಅಂದರು ಅಜ್ಜಾರು. "ಕಿಟಕಿ ಯಾಕ ಮುಚ್ಚಿ?"

"ಬೆಳಕಿದ್ರ ಸರಿ ಕಾಣಂಗಿಲ್ರಿ."

"ಹೊಳಿಗೆ ಯಾವ ಕಿಟಕಿ ಮುಚ್ಚತಿ?"



ಅಜ್ಜಾರು ಎದ್ದರು. ಮಡಿಚುವ ಕಂಪ್ಯೂಟರನ್ನು ಕಂಕುಳಲ್ಲಿ ಇಟ್ಟುಕೊಂಡರು.

"ನಡಿ."

ದಂಡೆಯಲ್ಲಿ ಬಿಸಿಲು ಏರಿತ್ತು. ಹುಲಿಗೆಮ್ಮ ಹರಿಗೋಲಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ ಫೋನನ್ನು ಹರಿಗೋಲಿನ ಅಂಚಿಗೆ ಕಟ್ಟಿದ್ದಳು.

"ಹುಲಿಗೆಮ್ಮ, ಇವನ್ನ ಕೂಡಿಸ್ಕೊ."

"ಇವನ ಮೈಯಾಗ ತೂಕ ಐತೇನ್ರಿ ಅಜ್ಜಾರೆ, ಬರೇ ಮಾತೋ?"

"ಕೂಡಿಸ್ಕೊಂಡು ನೋಡು."

ಅಜ್ಜಾರು ಮೆಟ್ಟಿಲ ಮೇಲೆ ಕೂತು ಕಂಪ್ಯೂಟರ್ ತೆರೆದರು. ಕೊಟ್ರೇಶ ತೋರಿಸಿದ. ಈ ಗುಂಡಿ ಒತ್ತಿದರೆ ಹಸಿರು. ಇದನ್ನು ಒತ್ತಿದರೆ ಕೆಂಪು.

"ನಾ ಒತ್ತತೀನಿ. ನೀ ಅಕಿ ಫೋನು ನೋಡು. ದಾಟಬೇಕೋ ನಿಲ್ಲಬೇಕೋ, ಕೂಗಿ ಹೇಳು."

ಕೊಟ್ರೇಶ ನಕ್ಕ. ತಾನೇ ಮಾಡಿದ್ದು. ಇದರಲ್ಲಿ ಏನಿದೆ?

ಹರಿಗೋಲು ಹೊರಟಿತು. ಹುಟ್ಟು ಹಾಕಿದಂತೆಲ್ಲ ಸುತ್ತ ತಿರುಗಿತು. ಫೋನಿನ ಮೇಲೆ ಬಿಸಿಲು ಬಿತ್ತು. ಕೊಟ್ರೇಶನಿಗೆ ಕಂಡದ್ದು ಅವನದೇ ಮೂಗು. ಒತ್ತಿ ನೋಡಿದ. ಬೆರಳು ಒದ್ದೆ. ಫೋನು ಮಿಸುಕಲಿಲ್ಲ.

"ಯಕ್ಕ, ಇದರಾಗ ಬಣ್ಣ ಎಲ್ಲಿ?"

"ಬ್ಯಾಟರಿ ಉಳೀಲಿ ಅಂತ ಕಪ್ಪು-ಬಿಳಿ ಮಾಡಿಸೀನಿ. ಹರಿಗೋಲಿನವರು ಎಲ್ಲರೂ ಹಂಗ."

ದುಂಡು ಇತ್ತು. ಬೂದಿ ಬಣ್ಣ. ಕೆಂಪೋ ಹಸಿರೋ ಯಾರು ಬಲ್ಲರು?

"ಕೆಳಗ ಬರ್ದೀಯಲ್ಲ, ಓದು ಮತ್ತ."

ಅವನು ಕಣ್ಣು ಕಿರಿದು ಮಾಡಿದ. "ಪ್ರಿಯ ನಾವಿಕರೇ, ನದಿಯ ನೀರಿನ ಮಟ್ಟವು..."

ಹರಿಗೋಲು ತಿರುಗಿತು. ಅಕ್ಷರ ಬಿಸಿಲಿಗೆ ಹೋದವು.

"ನಾವಿಕರು ಅಂದ್ರ ಯಾರೋ?"

"ನೀನ ಯಕ್ಕ."

"ನಾನಾ? ನೋಡವ್ವ, ಗೊತ್ತ ಇರಲಿಲ್ಲ."

"ಸದ್ದು ಮಾಡಂಗ ಇಡಲೇನು?"

"ನೀರು ಬಂದಾಗ ನನ್ನ ಮಾತು ನನಗ ಕೇಳಂಗಿಲ್ಲ."

ದಂಡೆಯಿಂದ ಅಜ್ಜಾರು ಕೂಗಿದರು. "ಏನಂತೈತೋ?"

ಕೊಟ್ರೇಶ ಅಂದಾಜು ಹೇಳಿದ. "ದಾಟಬಹುದ್ರಿ."

"ಸತ್ತಿ ನೋಡಪ್ಪ. ಕೆಂಪು ಒತ್ತಿ ಭಾಳ ಹೊತ್ತಾತು."

ಹುಲಿಗೆಮ್ಮ ನಗಲಿಲ್ಲ. ಹುಟ್ಟು ನಿಲ್ಲಿಸಿ ನೀರು ನೋಡಿದಳು.

ಕೊಟ್ರೇಶ ಕೇಳಿದ. "ಯಕ್ಕ, ನೀ ಹೆಂಗ ನೋಡ್ತಿ ಇದನ್ನ?"

"ಎರಡೂ ಕೈಯಾಗ ಹುಟ್ಟು ಇರ್ತೈತಿ. ಮುಟ್ಟಾಕ ಆಗಂಗಿಲ್ಲ. ಹರಿಗೋಲು ತಿರುಗಿದಾಗ ನನ್ನ ನೆರಳು ಫೋನಿನ ಮ್ಯಾಲೆ ಬೀಳತೈತಿ. ಆಗ ನೋಡ್ತೀನಿ."

"ಎಷ್ಟ್ ಹೊತ್ತು ಬೀಳತೈತಿ?"

ಅವಳು ಒಮ್ಮೆ ಹುಟ್ಟು ಹಾಕಿದಳು. ನೆರಳು ಬಂತು. ಹೋಯಿತು.

"ಅಷ್ಟ."

ಕೊಟ್ರೇಶ ಎದ್ದು ನಿಂತ. ಹರಿಗೋಲು ವಾಲಿತು.

"ಕೂಡೋ, ಮುಳುಗಿಸ್ತಿ."

"ದಂಡಿಗೆ ಬಿಡು ಯಕ್ಕ. ಲಗೂ ಬಿಡು."

ಮೆಟ್ಟಿಲ ಮೇಲೆಯೇ ಕೂತ. ಊಟಕ್ಕೆ ಏಳಲಿಲ್ಲ. ಆಪ್ ಒಂದೇ. ಆದರೆ ಪರದೆಗೊಂದು ಸೆಟ್ಟಿಂಗ್ ಮಾಡತೊಡಗಿದ.

ದೊಡ್ಡ ಪರದೆಯಲ್ಲಿ ನೀಲಿ ಹೊಳೆ ಇರಲಿ ಎಂದು ಬಿಟ್ಟ. ದಂಡೆಯ ಬೋರ್ಡಿನಲ್ಲಿ ಇದ್ದದ್ದು ಬರೀ ಕೆಂಪು ದೀಪ. ಹಸಿರು ಕಳಿಸಿದರೆ ಅದು ಕತ್ತಲಾಗುತ್ತಿತ್ತು. ಬಣ್ಣ ತೆಗೆದ, ಅಕ್ಷರ ದಪ್ಪ ಮಾಡಿದ. ಕೆಳಗಿನ ಒತ್ತಕ್ಷರ ಅರ್ಧ ಕತ್ತರಿಸಿಹೋಯಿತು. ಸಾಲನ್ನು ಮೇಲೆತ್ತಿದ. ಓಡಿ ಹೋಗಿ ನೋಡಿದ. ಈಗ ಪೂರ್ತಿ ಬಂತು.

ಫೋನಿಗೆ ಬಂದ. ದುಂಡು ತೆಗೆದ. ಪ್ರಿಯ ನಾವಿಕರನ್ನೂ ತೆಗೆದ. ಬಿಳಿಯ ಮೇಲೆ ಕಪ್ಪು. ದಾಟಬಹುದಾದರೆ 'ದಾಟು' ಎಂಬ ಒಂದೇ ಮಾತು. ದಾಟಬಾರದಾದರೆ ಈ ಅಂಚಿನಿಂದ ಆ ಅಂಚಿಗೆ ಒಂದು ಅಡ್ಡಪಟ್ಟಿ, ಅದರ ಮೇಲೆ 'ನಿಲ್ಲು'. ಮುಟ್ಟುವುದು ಬೇಡ. ತಾನಾಗಿಯೇ ಮೂಡಿ ಬೆಳಗುತ್ತಿರಬೇಕು.

ಕೈ ಒಮ್ಮೆ ತಡೆಯಿತು.

"ಅಜ್ಜಾರೆ, ಇದರಾಗ ನನ್ನ ಹೊಳೀನ ಇಲ್ಲದಂಗಾತು."

"ಅಕಿ ಎಲ್ಲಿ ಕುಂತಾಳ?"

ಕೊಟ್ರೇಶ ತಲೆಯೆತ್ತಿ ನೋಡಿದ. ಹುಲಿಗೆಮ್ಮನ ಸುತ್ತ ಹೊಳೆಯೇ ಹೊಳೆ. ಫೋನಿನಿಂದ ನೀಲಿ ಹೊಳೆಯನ್ನು ಅಳಿಸಿದ.

ಆಮೇಲೆ ಅವನಿಗೆ ಕಾಲು ನೆಲಕ್ಕೆ ನಿಲ್ಲಲಿಲ್ಲ. ಮೆಟ್ಟಿಲಿನಿಂದ ಹರಿಗೋಲಿಗೆ, ಹರಿಗೋಲಿನಿಂದ ಮೆಟ್ಟಿಲಿಗೆ.

"ಯಕ್ಕ, ಈಗ?"

"ಇಲ್ಲ."

"ಈಗ?"

"ಇನ್ನಾ ದಪ್ಪ ಬರಿ. ನಾ ಎರಡನೆ ಕ್ಲಾಸು."

"ಈಗ?"

ನೆರಳು ಬಂದು ಹೋಯಿತು.

"ಹೂಂ."

ಹೊತ್ತು ವಾಲಿತು. ಆಚೆ ದಂಡೆಗೆ ಹೋಗುವ ಐದು ಜನ ಬಂದು ಹರಿಗೋಲಿನಲ್ಲಿ ಕೂತರು. ಅಣೆಕಟ್ಟಿನ ಸುದ್ದಿ ಇನ್ನೂ ಇರಲಿಲ್ಲ. ಫೋನಿನಲ್ಲಿ 'ದಾಟು' ಇತ್ತು. ಹುಲಿಗೆಮ್ಮ ಹೊರಟಳು.

ನಡುಹೊಳೆ ಸಮೀಪಿಸಿತು. ಆಗ ಸುದ್ದಿ ಬಂತು. ಬಾಗಿಲು ತೆಗೆದು ಆಗಲೇ ಅರ್ಧ ಗಂಟೆಯ ಹತ್ತಿರ. ಸುದ್ದಿ ತಡವಾಗಿತ್ತು.

ಬೋರ್ಡು ಬೆಳಗಿತು. ಹುಲಿಗೆಮ್ಮನ ಬೆನ್ನು ಬೋರ್ಡಿಗಿತ್ತು.

ಕೊಟ್ರೇಶ ಮೊಳಕಾಲು ನೀರಿಗೆ ಇಳಿದ. ಕೂಗಿದ. ದನಿ ಮುಟ್ಟಲಿಲ್ಲ. ಅಜ್ಜಾರೂ ನೀರಿಗೆ ಇಳಿದು ಅವನ ಪಕ್ಕ ನಿಂತರು.

ಹರಿಗೋಲು ತಿರುಗಿತು. ಅಂಚಿನ ಫೋನು ಬಿಸಿಲಿಗೆ ಫಳ್ ಎಂದಿತು. ಇನ್ನೊಮ್ಮೆ ತಿರುಗಿತು. ಹುಲಿಗೆಮ್ಮನ ನೆರಳು ಅಂಚಿನ ಮೇಲೆ ಬಿತ್ತು.



ಹುಟ್ಟು ಆ ಬದಿಯಿಂದ ಈ ಬದಿಗೆ ಬಂತು. ಹರಿಗೋಲು ಈ ದಂಡೆಗೆ ಹೊಳ್ಳಿತು.

ಐದು ಜನರೂ ಇಳಿದರು. ಹುಲಿಗೆಮ್ಮ ಕೊನೆಗೆ ಇಳಿದಳು. ಎಲ್ಲರೂ ಮೆಟ್ಟಿಲು ಹತ್ತುವುದರೊಳಗೆ ಕೆಳಗಿನ ಮೂರು ಮೆಟ್ಟಿಲು ಕೆಂಪು ನೀರಿನಲ್ಲಿ ಮುಳುಗಿದವು.

ಕೊಟ್ರೇಶ ಹುಲಿಗೆಮ್ಮನ ಬಳಿಗೆ ಓಡಿದ. ಸಂತೋಷಕ್ಕೆ ಮಾತು ಒಂದರ ಮೇಲೊಂದು ಬಿದ್ದವು.

"ಯಕ್ಕ, ಕಂಡಿತೇನ? ಆ ಪಟ್ಟಿ ಹೆಂಗಿತ್ತು? ಅಕ್ಷರ ಹೆಂಗಿದ್ದವು?"

"ಯಾವ ಪಟ್ಟಿ?"

"ಫೋನಿನಾಗ."

"ಪಟ್ಟಿ ಗಿಟ್ಟಿ ನಾ ನೋಡಲಿಲ್ಲಪ್ಪ. ನಿಲ್ಲು ಅಂತು. ಹೊಳ್ಳಿದೆ."

ಅವಳು ಹರಿಗೋಲನ್ನು ಬೆನ್ನಿಗೆ ಹಾಕಿಕೊಂಡು ಮೇಲೆ ಹೋದಳು.

ಕೊಟ್ರೇಶ ಅಜ್ಜಾರ ಬಳಿ ಬಂದು ಕೂತ. ಅವರು ಪಂಚೆಯ ಅಂಚು ಹಿಂಡುತ್ತಿದ್ದರು.

"ಅಜ್ಜಾರೆ, ದಿನಪೂರ್ತಿ ಕೂತು ಮಾಡಿದೆ. ಅಕಿ ನನ್ನ ಕೆಲಸ ನೋಡೇ ಇಲ್ರಿ."

"ಅಕಿಗೆ ನಿಲ್ಲು ಅಷ್ಟ ಕಂಡೈತಿ. ಹಂಗಾದ್ರ ಬೆಳಕಿದ್ರೂ ಈಗ ಸರಿ ಕಾಣತೈತಿ."