ನೌಕೆಯ ಪಕ್ಕದ ಆಳು

“ಸಾರ್, ನನ್ನ ನೌಕೆ ಯಾಕೆ ದೊಡ್ಡದಾಗಿ ಕಾಣುವುದಿಲ್ಲ?” ಎಂದು ತಿಪ್ಪೇಶ ಕೇಳಿದ.

ಶಾಂತವೀರಯ್ಯ ಮೇಷ್ಟ್ರು ದಾವಣಗೆರೆಯಲ್ಲಿ ಕಂಪ್ಯೂಟರಿನ ಮೇಲೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ತಿಪ್ಪೇಶ ಅವರ ಶಿಷ್ಯ. ಸ್ಲೇಟಿನಂಥ ಟ್ಯಾಬ್ಲೆಟ್ಟಿನ ಮೇಲೆ ಪೆನ್ನು ಆಡಿಸಿ ಅವನು ಒಂದು ಅಂತರಿಕ್ಷ ನೌಕೆಯನ್ನು ಬರೆದಿದ್ದ. ಹಬ್ಬಕ್ಕೂ ಊರಿಗೆ ಹೋಗದೆ ಬರೆದಿದ್ದ. ನೌಕೆಯ ತುಂಬ ಕಿಟಕಿ, ಕಿಟಕಿಗೊಂದು ದೀಪ. ಆದರೂ ಅದು ಮಕ್ಕಳ ಆಟಿಕೆಯ ಹಾಗೆಯೇ ಕಾಣುತ್ತಿತ್ತು.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ಪಕ್ಕದಲ್ಲಿ ಆಳಿಲ್ಲ, ಅದಕ್ಕೆ. ಬಾವಿ ಎಷ್ಟು ಆಳ ಎಂದು ಕೇಳಿದರೆ ನಮ್ಮ ಹಿರಿಯರು ಎರಡಾಳು, ಮೂರಾಳು ಎನ್ನುತ್ತಿದ್ದರು. ಮನುಷ್ಯನಿಲ್ಲದೆ ಅಳತೆಯಿಲ್ಲ. ಒಬ್ಬನನ್ನು ತಂದು ನಿಲ್ಲಿಸು, ನಿನ್ನ ನೌಕೆ ದೊಡ್ಡದಾಗುತ್ತದೆ.”

ತಿಪ್ಪೇಶ ಖುಷಿಯಿಂದ ಪೆನ್ನಿಗೆ ಕೈ ಹಾಕಿದ. ಮೇಷ್ಟ್ರು ಅವನ ಕೈ ಹಿಡಿದರು. ಅವಸರ ಮಾಡಬೇಡ, ಮೊದಲು ಈ ಕತೆ ಕೇಳು ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಕಾರನಿದ್ದ. ಅವನೂ ನಿನ್ನ ಹಾಗೆ ನೌಕೆಗಳನ್ನೇ ಬರೆಯುವವನು. ಗೇಮ್ ತಯಾರಿಸುವ ಯಜಮಾನನೊಬ್ಬ ಅವನಿಗೆ ಕೆಲಸ ಕೊಡುತ್ತಿದ್ದ. ಮೊದಲ ನೌಕೆಯನ್ನು ನೋಡಿ ಯಜಮಾನ, ಇದು ಆಟೋರಿಕ್ಷಾದಷ್ಟಿದೆ ಎಂದ. ಚಿತ್ರಕಾರನಿಗೆ ಅವಮಾನವಾಯಿತು. ಅವನು ಹೆಂಡತಿಯನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಚೌಕಟ್ಟಿನ ಮೇಲೆ ಇಟ್ಟು, ಬೇಗ ಮುಗಿಸಿ ಎನ್ನುವ ಮುಖ ಮಾಡಿ ನಿಂತಳು. ಅವನು ಅವಳನ್ನು ಇದ್ದ ಹಾಗೆಯೇ ಬರೆದ. ಮೂಗುಬೊಟ್ಟನ್ನೂ ಬಿಡಲಿಲ್ಲ. ಅವನು ಜೀವಮಾನದಲ್ಲಿ ಬರೆದ ಒಳ್ಳೆಯ ಚಿತ್ರವೆಂದರೆ ಅದೊಂದೇ. ಆ ಮಂಕನಿಗೆ ಅದು ತಿಳಿಯಲಿಲ್ಲ.

ಆ ಚಿತ್ರವನ್ನು ತಂದು ನೌಕೆಯ ಕೆಳಗೆ ನಿಲ್ಲಿಸಿದ. ನೌಕೆ ಮೂರಂತಸ್ತಿನ ಮನೆಯಷ್ಟು ಎದ್ದು ನಿಂತಿತು. ಯಜಮಾನ ಮೆಚ್ಚಿ, ಮುಂದಿನದು ಇನ್ನೂ ದೊಡ್ಡದಿರಲಿ ಎಂದ.

ಚಿತ್ರಕಾರ ಮುಂದಿನ ನೌಕೆಗೆ ಗೋಪುರ ಕಟ್ಟಿದ, ಫಿರಂಗಿ ಇಟ್ಟ. ಅದು ಬೆಳೆಯಲಿಲ್ಲ. ಕಡೆಗೆ ಬೇಸತ್ತು ಹೆಂಡತಿಯ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿದ. ನೌಕೆಯನ್ನು ಮುಟ್ಟಿರಲೇ ಇಲ್ಲ, ಅದು ತಾನಾಗಿ ಎರಡರಷ್ಟಾಯಿತು. ಕೆಡುವವನಿಗೆ ದಾರಿ ಬಹಳ ಸುಲಭವಾಗಿ ಸಿಗುತ್ತದೆ ನೋಡು. ಅಲ್ಲಿಂದ ಮುಂದೆ ಅವನದು ಒಂದೇ ಪದ್ಧತಿ. ಅವಳ ಚಿತ್ರವನ್ನು ತೆರೆಯುವುದು, ಕುಗ್ಗಿಸುವುದು, ಅದರ ಮೇಲೆಯೇ ಸೇವ್ ಮಾಡುವುದು, ಹೊಸ ನೌಕೆಯ ಕೆಳಗೆ ನಿಲ್ಲಿಸುವುದು, ಯಜಮಾನನಿಗೆ ಒಪ್ಪಿಸಿದ ಹಳೆಯ ನೌಕೆಯನ್ನು ಅಳಿಸಿಬಿಡುವುದು.

ಹೆಂಡತಿ ಮೊದಮೊದಲು ಬಂದು ನೋಡುತ್ತಿದ್ದಳು. “ಇದ್ರಾಗೆ ನಾನೆಲ್ಲಿದೀನ್ರಿ?” ಎಂದು ಕೇಳುತ್ತಿದ್ದಳು. ಅವನು ಬೆರಳಿಟ್ಟು ತೋರಿಸಿದರೆ ನಗುತ್ತಿದ್ದಳು. ಒಂದು ಚಿತ್ರದಲ್ಲಿ ಮೂಗುಬೊಟ್ಟು ಹೋಗಿತ್ತು. ಮುಂದಿನದರಲ್ಲಿ ಮುಖ ಹೋಯಿತು. ಆಮೇಲೆ ನಿಂತಿರುವುದು ಹೆಣ್ಣೋ ಗಂಡೋ ಎಂದು ಹೇಳಲು ಬರದಂತಾಯಿತು. ಅವಳು ಕೇಳುವುದನ್ನು ಬಿಟ್ಟಳು.

ಒಂದು ಸಲ ಮಾತ್ರ ಅವಳು ಬೇರೆ ಕಾರಣಕ್ಕೆ ಅವನ ಹತ್ತಿರ ಬಂದಳು.

“ರೀ, ಎದೆಯಾಗೆ ಒಂದು ಗಂಟು ಆಗೈತಿ. ಒತ್ತಿದ್ರೂ ನೋಯಲ್ಲ.”

“ಎಷ್ಟು ದೊಡ್ಡದು?” ಎಂದು ಅವನು ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

“ಕಡ್ಲೆಕಾಳಿನಷ್ಟು.”

“ಅಷ್ಟೇನಾ? ಈ ನೌಕೆ ಮುಗೀಲಿ, ತೋರಿಸಣ.”

ಅವನು ಸುಳ್ಳು ಹೇಳಲಿಲ್ಲ. ತೋರಿಸಬೇಕು ಎಂದೇ ಇದ್ದ. ಆದರೆ ಊರಿನಷ್ಟು ದೊಡ್ಡ ನೌಕೆಯನ್ನು ದಿನವಿಡೀ ನೋಡುತ್ತಿದ್ದವನ ಕಣ್ಣಿಗೆ ಕಡಲೆಕಾಳು ಎಷ್ಟು ಕಂಡೀತು? ಆ ನೌಕೆ ಮುಗಿಯಿತು. ಇನ್ನೊಂದು ಬಂತು. ಅದನ್ನು ನೋಡಿದವರೆಲ್ಲ ಎಷ್ಟು ಅಗಾಧವಾಗಿದೆ ಎಂದು ಹೊಗಳಿದರು. ಅವಳ ಕೆನ್ನೆ ಒಳಗೆ ಹೋಗಿದ್ದು ನೆರೆಮನೆಯವರಿಗೆ ಕಂಡಿತು, ಹಾಲಿನವನಿಗೂ ಕಂಡಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಕಡೆಗೆ ಅವಳ ತಂಗಿ ಬಂದು, ಜಗಳವಾಡಿ, ಇಬ್ಬರನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಉಗುರಲ್ಲಿ ಹೋಗುವುದಕ್ಕೆ ಆಗ ಕೊಡಲಿ ಬೇಕಾಗಿತ್ತು. ಕೊಡಲಿಗೂ ಹೊತ್ತು ಮೀರಿತ್ತು. ಮೊದಲೇ ಯಾಕೆ ಬರಲಿಲ್ಲ ಎಂದು ವೈದ್ಯರು ಗದರಿದರು. ಉತ್ತರ ಕೊಟ್ಟವಳು ಅವಳೇ.

“ಅವ್ರಿಗೆ ಕೆಲ್ಸ ಭಾಳ ಇತ್ತು ಡಾಕ್ಟ್ರೇ.”

ಅವಳು ಸತ್ತಳು. ಇದನ್ನು ಬೇರೆ ಹೇಗೆ ಹೇಳಿದರೂ ಅಷ್ಟೇ.

ಕಾರ್ಯದ ದಿನ ಮಾಲೆ ಹಾಕಲು ಒಂದು ಚಿತ್ರ ಬೇಕಾಯಿತು. ನೆಂಟರು ಮದುವೆಯ ಫೋಟೋ ತಂದರು. ಅದರಲ್ಲಿ ತಲೆ ಬಗ್ಗಿಸಿ ಕೂತವಳು ಅವನಿಗೆ ಯಾರೋ ಹುಡುಗಿಯಂತೆ ಕಂಡಳು. ಇದು ಬೇಡ, ಬಾಗಿಲಲ್ಲಿ ನಿಂತದ್ದು ನನ್ನ ಹತ್ತಿರ ಇದೆ ಎಂದು ಅವನು ಕಂಪ್ಯೂಟರಿನ ಮುಂದೆ ಕೂತ. ಆ ಚಿತ್ರವನ್ನು ತೆರೆದ. ಪರದೆಯ ಮೇಲೆ ಒಂದು ಕಪ್ಪು ಕಣ ಬಂತು.

ಅವನು ಅದರ ಅಂಚು ಹಿಡಿದು ಹಿಗ್ಗಿಸಿದ. ಮೊದಲು ಬರೆದಾಗ ಅವಳು ಎಷ್ಟೆತ್ತರ ಇದ್ದಳೋ ಅಷ್ಟೆತ್ತರಕ್ಕೆ ಹಿಗ್ಗಿಸಿದ. ನಾಲ್ಕಾರು ಕಪ್ಪು ಚೌಕಗಳು ಪರದೆಯ ತುಂಬ ನಿಂತವು. ನಿನಗೆ ಗೊತ್ತಲ್ಲ, ನಾವು ಬರೆಯುವ ಚಿತ್ರವೆಂದರೆ ಚುಕ್ಕೆಗಳ ರಾಶಿ. ಕುಗ್ಗಿಸಿದಾಗ ಚುಕ್ಕೆಗಳು ಉದುರುತ್ತವೆ. ಆಮೇಲೆ ಎಷ್ಟು ಹಿಗ್ಗಿಸಿದರೂ ಉದುರಿದ್ದು ತಿರುಗಿ ಬರುವುದಿಲ್ಲ.

ಹೋಗಲಿ, ಹೊಸದಾಗಿ ಬರೆಯುತ್ತೇನೆ ಎಂದು ಪೆನ್ನು ಹಿಡಿದ. ನೌಕೆಯ ಒಂದೊಂದು ತಿರುಪನ್ನೂ ಕಣ್ಣುಮುಚ್ಚಿ ಬರೆಯಬಲ್ಲ ಕೈ ಅದು. ಸೊಂಟದ ಮೇಲಿದ್ದದ್ದು ಅವಳ ಎಡಗೈಯೋ ಬಲಗೈಯೋ ಅವನಿಗೆ ನೆನಪಾಗಲಿಲ್ಲ. ಬಹಳ ಹೊತ್ತು ಕೂತಿದ್ದು ಹೊರಗೆ ಬಂದ. ನಿನ್ನ ಅಕ್ಕನ ಮೂಗುಬೊಟ್ಟು ಯಾವ ಕಡೆಗಿತ್ತು ಎಂದು ಅವಳ ತಂಗಿಯನ್ನು ಕೇಳಿದ. ಆ ಹೆಣ್ಣುಮಗಳು ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೋದಳು.

ಮೇಷ್ಟ್ರು ಕತೆ ನಿಲ್ಲಿಸಿದರು. ತಿಪ್ಪೇಶ ಆ ವಿದ್ಯೆಯನ್ನೇ ಕಲಿಯುತ್ತಿದ್ದವನು. ತಪ್ಪು ಎಲ್ಲಿ ಆಯಿತು ಎಂಬುದು ತನಗೆ ಸಿಕ್ಕಿದೆ ಎಂದು ಅವನಿಗೆ ಅನ್ನಿಸಿತು.

“ಕುಗ್ಗಿಸುವ ಮೊದಲು ಅಸಲು ಚಿತ್ರವನ್ನು ಬೇರೆ ಕಡೆ ಜೋಪಾನ ಮಾಡಿದ್ದರೆ ಸಾಕಿತ್ತಲ್ಲ ಸಾರ್?” ಎಂದ.

ಮೇಷ್ಟ್ರು ಹೇಳಿದರು: “ಅಸಲು ಅಡುಗೆಮನೆಯಿಂದ ದಿನಾ ಊಟಕ್ಕೆ ಕರೆಯುತ್ತಿತ್ತಲ್ಲೋ ತಿಪ್ಪೇಶ.”